ಇನ್ನೊಂದೀಟು ಇಳೀಲಿ, ತಡೀರಿ

ಅವತ್ತು ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲ ಹತ್ತಿರ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ನಮ್ಮ ಮನೆಯವರು ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದು ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಫೋನು ನೋಡುತ್ತಿದ್ದರು. ಪರದೇಶದ ರೊಕ್ಕ ಬದಲಿಸಿ ಕೊಡುವ ಕೊಲ್ಹಾಪುರದ ಒಂದು ಅಂಗಡಿಯಿಂದ ದಿನಾ ಬೆಳಿಗ್ಗೆ ಅವರಿಗೆ ಸಂದೇಶ ಬರುತ್ತಿತ್ತು. ಡಾಲರ್ ಇಷ್ಟು, ಪೌಂಡು ಇಷ್ಟು, ಯುರೋ ಇಷ್ಟು. ಅವರು ಯುರೋ ಒಂದನ್ನೇ ಓದುತ್ತಿದ್ದರು.

“ಇವತ್ತ ಮೂವತ್ತೈದ ಪೈಸಾ ಏರೇತಿ ನೋಡ, ಸುಮನ್.”

“ಏರ್ಲಿ ಬಿಡ್ರಿ. ಇನ್ನೊಂದೀಟು ಇಳೀಲಿ, ತಡೀರಿ.”

“ಏರೇತಿ ಅಂತ ನಾ ಹೇಳಾಕತ್ತೇನಿ, ನೀ ಇನ್ನೊಂದೀಟು ಇಳೀಲಿ ಅಂತೀ. ಮೊದಲ ಏರೂದರ ನಿಂದರ್ಲಿ.”

“ಡಬ್ಬಿ ತಗೊಂಡ್ರಿ?”

“ತಗೊಂಡೆ.”

ಎರಡನೆಯ ಬೂಟು ಹಾಕಿಕೊಂಡು ಹೋದರು. ಸಂಜೆ ನಾಲ್ಕರ ಸುಮಾರಿಗೆ ನಮ್ಮೂರಿನ ಶಹಾಪುರ ಭಾಗದಲ್ಲಿದ್ದ ಅವರ ಮಗ್ಗದ ಶೆಡ್ಡಿನಿಂದ ಫೋನು ಬಂತು. ಎದೆ ಹಿಡಿದುಕೊಂಡು ಕುಳಿತವರನ್ನು ರಿಕ್ಷಾದಲ್ಲಿ ಹಾಕಿಕೊಂಡು ಹೊರಟಿದ್ದರಂತೆ. ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಾತಾಡಿಸಲು ಬಂದವರೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ, ನೀವು ಗಮನಿಸಿರಬಹುದು. “ಹೋಗೂ ಮುಂಚೆ ಏನರ ಅಂದಿದ್ರೇನ್ರಿ?” ಏನೆಂದು ಹೇಳಲಿ? ಯುರೋ ಮೂವತ್ತೈದು ಪೈಸೆ ಏರಿದೆ ಎಂದಿದ್ದರು ಅಂತ ಹೇಳಲೇ? ಮೂವತ್ತೊಂದು ವರ್ಷ ಸಂಸಾರ ಮಾಡಿ ನಾವು ಕೊನೆಗೆ ಆಡಿದ ಮಾತು ಒಂದು ಪರದೇಶದ ರೊಕ್ಕದ ದರ ಮತ್ತು ಊಟದ ಡಬ್ಬಿ. ಡಬ್ಬಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ಅರ್ಧ ಖಾಲಿಯಾಗಿ ಮನೆಗೆ ಬಂತು. ದರದ ಮೇಲೆ ಸಿಟ್ಟಿದೆ. ಅಳು ಬರಬೇಕಾದಲ್ಲೆಲ್ಲ ಆ ಸಿಟ್ಟೇ ಬರುತ್ತದೆ.

ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಇಚಲಕರಂಜಿಯ ಮಗ್ಗದ ಜಾಬರನಿಗೂ ಯುರೋಪಿನ ರೊಕ್ಕಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಜಾಬರ ಎಂದರೆ ಕೆಟ್ಟ ಮಗ್ಗವನ್ನು ರಿಪೇರಿ ಮಾಡುವವನು. ನಮ್ಮವರನ್ನು ಶೆಡ್ಡಿನಲ್ಲಿ ಮಾರುತಿ ಜಾಬರ ಎಂದೇ ಕರೆಯುತ್ತಿದ್ದರು. ಮೊದಲು ನಮ್ಮ ಹಳೆಯ ಸಾದಾ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ಅವರ ಮಾಲಕರು ಇಟಲಿಯಿಂದ ಸೆಕೆಂಡ್‌ಹ್ಯಾಂಡ್ ಮಗ್ಗಗಳನ್ನು ತರಿಸಿದರು. ಅಲ್ಲಿ ಬೇಡವಾದದ್ದು ಇಲ್ಲಿ ಹೊಸದು. ಕಂಟೇನರಿನಲ್ಲಿ ಬಂದ ಆ ಮಗ್ಗಗಳ ಒಂದು ಪುಸ್ತಕವೂ ಜೊತೆಗೆ ಬಂದಿರಲಿಲ್ಲ. ಬಂದಿದ್ದರೂ ಓದುವವರು ಯಾರು? ಇವರೇ ಒಂದೊಂದಾಗಿ ಬಿಚ್ಚಿ, ಕೈಯಿಂದ ಸವರಿ, ಕಿವಿಗೊಟ್ಟು ಕೇಳಿ ಅವನ್ನು ತಿಳಿದುಕೊಂಡರು.

ಆರನೆಯ ಮಗ್ಗದ ಮೋಟಾರು ಬಿಚ್ಚಿದಾಗ ಅದರ ಒಂದು ಪಾದದ ಕೆಳಗೆ ಒಂದು ನಾಣ್ಯ ಸಿಕ್ಕಿತು. ಯಾರೋ ಬಿಟ್ಟು ಹೋದದ್ದಲ್ಲ, ಬೇಕೆಂದೇ ಇಟ್ಟದ್ದು. ಮೋಟಾರು ಒಂದು ಕಡೆ ವಾಲಿ ಅಲ್ಲಾಡುತ್ತಿದ್ದರೆ ಕೆಳಗೆ ತಗಡಿನ ತುಂಡು ಕೊಟ್ಟು ಸಮ ಮಾಡುತ್ತಾರೆ. ಆ ಊರಿನ ಜಾಬರನಿಗೆ ಆ ಹೊತ್ತಿಗೆ ತಗಡು ಸಿಗಲಿಲ್ಲ, ಜೇಬಿಗೆ ಕೈ ಹಾಕಿದ್ದಾನೆ. ಇವರೂ ಅಷ್ಟೇ ಮಾಡಿದರು. ಆ ನಾಣ್ಯ ತೆಗೆದು ಜೇಬಿನಲ್ಲಿಟ್ಟುಕೊಂಡರು, ತಮ್ಮ ಜೇಬಿನಿಂದ ಎರಡು ರೂಪಾಯಿಯ ನಾಣ್ಯ ತೆಗೆದು ಅಲ್ಲಿಟ್ಟು ಬೋಲ್ಟು ಬಿಗಿದರು. ಮೋಟಾರು ಅಲ್ಲಾಡಲಿಲ್ಲ.

ಸಂಜೆ ಆ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟರು. ಹಿತ್ತಾಳೆಯ ಬಣ್ಣ. ಒಂದು ಬದಿಗೆ ಹೆಣ್ಣಿನ ಮುಖ. ಇನ್ನೊಂದು ಬದಿಗೆ ಹಲ್ಲಿನ ಗಾಲಿ, ಅದರ ನಡುವೆ ಇನ್ನೂರು ಎಂಬ ಅಂಕಿ.

“ರೊಕ್ಕದ ಮ್ಯಾಲ ಗೇರ್ ಹಾಕ್ಯಾರ ನೋಡ,” ಅಂದರು. “ರಾಜಾ ಅಲ್ಲ, ಹುಲಿ ಅಲ್ಲ. ಗೇರ್. ಇಂಥಾ ಊರ ನೋಡಬೇಕಲ್ಲ?”

“ನೋಡಾಕ ಟಿಕೀಟ್ ಯಾರ ಕೊಡ್ತಾರ?”

“ಇನ್ನೂರ ಐತಲ್ಲ ಕೈಯಾಗ!”

ಮರುದಿನ ಶೆಡ್ಡಿನ ಮಾಲಕರು ನೋಡಿ ನಕ್ಕರಂತೆ. ಆ ದೇಶದಲ್ಲಿ ಯುರೋ ಬಂದು, ಈ ರೊಕ್ಕ ನಿಂತುಹೋಗಿದೆ, ಇದು ಈಗ ಎಲ್ಲಿಯೂ ನಡೆಯುವುದಿಲ್ಲ ಎಂದು ಹೇಳಿದರಂತೆ. ಇವರಿಗೆ ಸ್ವಲ್ಪವೂ ಬೇಸರವಾಗಲಿಲ್ಲ. “ಇದು ಏರೂದಿಲ್ಲ, ಇಳಿಯೂದಿಲ್ಲ. ಜಗತ್ತಿನ್ಯಾಗ ದರ ಇಲ್ಲದ ರೊಕ್ಕ ಇದೊಂದ,” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಆದರೆ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಮಗ್ಗದ ಮೇಲಿನ ಫಲಕದಲ್ಲಿ ಒಂದು ಊರಿನ ಹೆಸರಿತ್ತು. ಆ ಊರಿಗೆ ಹೋಗಬೇಕು, ಅಲ್ಲಿ ಯಾವನಾದರೂ ಮಗ್ಗದ ಜಾಬರ ಸಿಕ್ಕರೆ ಈ ನಾಣ್ಯ ಅವನ ಕೈಯಲ್ಲಿ ಕೊಟ್ಟು, ಇದರ ಜಾಗದಲ್ಲಿ ನಮ್ಮ ಎರಡು ರೂಪಾಯಿ ಕೂತಿದೆ, ನಿಮ್ಮ ಮಗ್ಗ ಚೆನ್ನಾಗಿ ನಡೆಯುತ್ತಿದೆ ಎಂದು ಹೇಳಿ ಬರಬೇಕು. ಇಷ್ಟೇ ಅವರ ಪರದೇಶ ಪ್ರವಾಸ. ಉಳಿದ ಊರುಗಳು ದಾರಿಯಲ್ಲಿ ಬಂದರೆ ಬರಲಿ.

ಇನ್ನು ನನ್ನ ವಿಷಯ. ದರ ಇಳಿಯಲಿ ಎಂದು ಕಾಯುವುದು ನನಗೆ ತವರಿನಿಂದ ಬಂದದ್ದು. ನನ್ನ ತವರು ಗಡಹಿಂಗ್ಲಜದ ಹತ್ತಿರ. ಬೇಸಿಗೆಯಲ್ಲಿ ಗಡಹಿಂಗ್ಲಜದ ಸಂತೆಗೆ ಕಾಲಿಟ್ಟರೆ ಮೊದಲು ಸೀನು ಬರುತ್ತಿತ್ತು, ಆಮೇಲೆ ಕಣ್ಣಿಗೆ ಮೆಣಸಿನಕಾಯಿಯ ಕೆಂಪು ರಾಶಿ ಕಾಣುತ್ತಿತ್ತು. ಮಳೆ ಹಿಡಿಯುವುದರೊಳಗೆ ವರ್ಷಕ್ಕಾಗುವಷ್ಟು ಕಾಯಿ ಕೊಂಡು ಖಾರ ಕುಟ್ಟಿಸಿಡಬೇಕು. ಅವ್ವ ಮೊದಲ ವಾರ ಹೋಗಿ ಬರೀ ದರ ಕೇಳಿ ಬರುತ್ತಿದ್ದಳು. ಎರಡನೆಯ ವಾರ ಒಂದು ಕಾಯಿ ಮುರಿದು ಮೂಸಿ, ಬೀಜ ಎಣಿಸುವವಳಂತೆ ನೋಡಿ, ಮುಖ ಕಿವಿಚಿ ಎದ್ದು ಬರುತ್ತಿದ್ದಳು. ಮೂರನೆಯ ವಾರ ಮಾರುವವನೇ ಅವಳನ್ನು ಕರೆಯುತ್ತಿದ್ದ. ನಾನು ಅವಳ ಸೆರಗು ಹಿಡಿದುಕೊಂಡು ಸೀನುತ್ತಾ ಈ ವಿದ್ಯೆಯನ್ನೆಲ್ಲ ಕಲಿತೆ.

ಒಂದು ವರ್ಷ ಮೂರನೆಯ ವಾರ ದರ ನಿಜವಾಗಿಯೂ ಇಳಿಯಿತು. ಅವ್ವನ ಕೈ ಸೊಂಟದ ಚೀಲದ ತನಕ ಹೋಯಿತು, ಮತ್ತೆ ಹಿಂದೆ ಬಂತು. “ಇಳ್ಯಾಕ ಹತ್ತೇತಿ. ಬರೂ ವಾರ ಇನ್ನೊಂದೀಟು ಇಳೀಲಿ,” ಅಂದಳು. ಬರುವ ವಾರದ ಮುನ್ನಾದಿನ ಮಳೆ ಹೊಡೆಯಿತು. ಸಂತೆಯಲ್ಲಿ ಉಳಿದದ್ದು ತೊಯ್ದು ಕಪ್ಪಾದ ಕಾಯಿ. ಒಳ್ಳೆಯದನ್ನೆಲ್ಲ ವ್ಯಾಪಾರಿಗಳು ಎತ್ತಿಕೊಂಡು ಹೋಗಿದ್ದರು. ಆ ವರ್ಷಪೂರ್ತಿ ನಮ್ಮ ಮನೆಯ ಸಾರು ಜ್ವರ ಬಿಟ್ಟು ಎದ್ದವರ ಮುಖದ ಹಾಗಿತ್ತು. ಅಪ್ಪ ತಾಟಿನ ಮುಂದೆ ಕುಳಿತು, “ಯಾರ ಮನ್ಯಾಗ ಬಾಳಂತಿ ಅದಾರ? ನಮ್ಮನ್ಯಾಗೇನ?” ಎಂದು ಕೇಳುತ್ತಿದ್ದ. ಅವ್ವ ಇನ್ನೊಂದು ಸೌಟು ಹಾಕುತ್ತಿದ್ದಳು.

ಬುದ್ಧಿಯಿದ್ದ ಮಗಳಾಗಿದ್ದರೆ ಆ ಸಾರಿನಿಂದ ಏನಾದರೂ ಕಲಿಯುತ್ತಿದ್ದಳು. ನಾನು ಕಲಿತದ್ದು ಕಾಯುವುದನ್ನು ಮಾತ್ರ. ಮದುವೆಯಾಗಿ ಇಚಲಕರಂಜಿಗೆ ಬಂದರೆ ಇಡೀ ಊರೇ ನನ್ನ ಅವ್ವನ ಹಾಗೆ ಕುಳಿತಿತ್ತು. ಇಲ್ಲಿ ಜನ ಬೆಳಿಗ್ಗೆ ಚಹಾದ ಗಾಡಿಯ ಹತ್ತಿರ ಮೊದಲು ಕೇಳುವುದು ನೂಲಿನ ದರ. ಏರಿದರೆ ಮಗ್ಗ ನಿಲ್ಲಿಸಿ ಕೂಡುತ್ತಾರೆ. ನಾಲ್ಕು ದಿನವಾಗಲಿ, ತಿಂಗಳಾಗಲಿ, ನೂಲು ಇಳಿಯುತ್ತದೆ. ಇಳಿದ ಕೂಡಲೇ ಊರು ತುಂಬ ಮತ್ತೆ ಖಟಖಟ ಶುರುವಾಗುತ್ತದೆ. ಹೀಗಾಗಿ ನಾವು ಈ ಊರಿನವರು ಒಂದು ವಿಷಯ ಗಟ್ಟಿಯಾಗಿ ನಂಬಿದ್ದೆವು. ದರ ಎಂಬುದು ಸುಮ್ಮನೆ ಕುಳಿತು ಕಾದವರ ಹತ್ತಿರ ತಾನಾಗಿ ಇಳಿದು ಬರುವ ವಸ್ತು. ಬಂಗಾರ, ಟಿವಿ, ಶೇಂಗಾ, ಮಗಳ ಮದುವೆಯ ಸೀರೆ, ಎಲ್ಲದಕ್ಕೂ ನಾನು ಕಾದೆ, ಗೆದ್ದೆ. ಯುರೋ ಕೂಡ ನೂಲೇ ಎಂದುಕೊಂಡೆ. ಯುರೋ ನೂಲಲ್ಲ. ನೂಲಿಗೆ ಇಚಲಕರಂಜಿ ಗೊತ್ತಿದೆ. ಯುರೋಗೆ ಗೊತ್ತಿಲ್ಲ.

ನಾವು ಮೊದಲ ಸಲ ಕೊಲ್ಹಾಪುರದ ಪ್ರವಾಸದ ಆಫೀಸಿಗೆ ಹೋದಾಗ ಯುರೋ ಎಪ್ಪತ್ತೆಂಟರ ಆಸುಪಾಸಿನಲ್ಲಿತ್ತು. ಹನ್ನೆರಡು ವರ್ಷ ಭಿಶಿ, ಅಂದರೆ ಓಣಿಯವರ ಚೀಟಿ, ಕಟ್ಟಿ, ಪ್ರತಿ ಸಲ ನಮ್ಮ ಪಾಳಿ ಬಂದಾಗ ಆ ರೊಕ್ಕವನ್ನು ಮುಟ್ಟದೆ ಬ್ಯಾಂಕಿಗೆ ಹಾಕಿ ಕೂಡಿಸಿದ್ದೆವು. ಪಾಸ್‌ಪೋರ್ಟು ಮಾಡಿಸಿದ್ದೆವು. ಮಗಳು ಜ್ಯೋತಿ ಕಾಗಲದಲ್ಲಿರುತ್ತಾಳೆ, ಅಲ್ಲಿಯ ಒಂದು ಕಾರಖಾನೆಯ ಆಫೀಸಿನಲ್ಲಿ ಕೆಲಸ. ಅವಳೇ ರಜೆ ಹಾಕಿ ಕರೆದುಕೊಂಡು ಹೋದಳು. ಆಫೀಸಿನವನು ಬಣ್ಣದ ಪುಸ್ತಕ ತೆರೆದು ಖರ್ಚು ಹೇಳಿದ. ಇಷ್ಟು ರೂಪಾಯಿ, ಮತ್ತೆ ಇಷ್ಟು ಯುರೋ.

“ಮತ್ತ ಅಂದ್ರ?” ಅಂದರು ನಮ್ಮವರು.

“ಕಾಕಾ, ಇದು ಇಲ್ಲಿ ಖರ್ಚ, ಅದು ಅಲ್ಲಿ ಖರ್ಚ. ಅಲ್ಲಿದು ಯುರೋದಾಗ ಕೊಡಬೇಕರಿ, ಹೊಂಡೂ ಮುಂದ ಏನ್ ದರ ಇರತೈತಿ ಆ ದರಕ್ಕ.”

“ಅಂದ್ರ ಎಷ್ಟ ಆಗತೈತಿ ಅಂತ ಇವತ್ತ ನಿನಗೂ ಗೊತ್ತಿಲ್ಲ?”

“ಅಂದಾಜ ಹೇಳತೇನ್ರಿ.”

“ನಾ ಮಗ್ಗ ರಿಪೇರಿ ಮಾಡಿ, ಖರ್ಚ ಎಷ್ಟಂತ ನಾಳಿ ಮೋಡ ನೋಡಿ ಹೇಳತೇನಿ ಅಂದ್ರ ನಮ್ಮ ಮಾಲಕ ಬಿಟ್ಟಾನೇನೊ ನನ್ನ?”

ಜ್ಯೋತಿ ಅಪ್ಪನ ತೋಳು ಹಿಡಿದು ಕೂರಿಸಿದಳು. ಮಿಲಾನದಲ್ಲಿ ಒಂದು ದಿನ ಬಿಡುವು ಇರುತ್ತದೆ, ಅಲ್ಲಿಂದ ರೈಲಿನಲ್ಲಿ ಒಂದು ತಾಸು ಹೋದರೆ ನಿಮ್ಮ ಫಲಕದ ಊರು ಎಂದು ಆಫೀಸಿನವನು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದ. ನಮ್ಮವರ ಸಿಟ್ಟು ಅಲ್ಲಿಯೇ ಇಳಿಯಿತು. ಆ ಬೆರಳು ಇದ್ದ ಜಾಗವನ್ನು ಅವರು ಬಹಳ ಹೊತ್ತು ನೋಡಿದರು.

ಮುಂಗಡ ಕೊಡಲು ಹೊರಟರು. ನಾನು ಅವರ ಮೊಣಕೈ ಚಿವುಟಿದೆ. “ಎಪ್ಪತ್ತೆಂಟ ಜಾಸ್ತಿ ಆತು. ಎಪ್ಪತ್ತೈದಕ್ಕ ಬರ್ಲಿ, ತಡೀರಿ.”

ಅವರು ತಡೆದರು. ಆ ಮೊಣಕೈಯನ್ನು ನಾನು ಯಾಕೆ ಚಿವುಟಿದೆ ಎಂದು ಈಗ ನನ್ನ ಬೆರಳುಗಳನ್ನೇ ಕೇಳುತ್ತೇನೆ.

ಮುಂದಿನ ವರ್ಷ ಕೊರೊನಾ ಬಂತು. ವಿಮಾನ ನಿಂತವು, ರೈಲು ನಿಂತವು, ನಮ್ಮ ಓಣಿಯಲ್ಲಿ ಸೈಕಲ್ ಕೂಡ ಓಡಾಡಲಿಲ್ಲ. ಯಾರೂ ಎಲ್ಲಿಗೂ ಹೋಗಲಾಗದ ಆ ದಿನಗಳಲ್ಲಿಯೂ ಯುರೋ ಏರಿತು! ನೀವೇ ಹೇಳಿ, ಇದಕ್ಕೆ ಏನನ್ನಬೇಕು? ಕೊಳ್ಳುವವರಿಲ್ಲದ ಸಂತೆಯಲ್ಲಿ ದರ ಏರುವುದನ್ನು ನಾನು ಗಡಹಿಂಗ್ಲಜದಲ್ಲಿ ಕಂಡಿಲ್ಲ, ಇಚಲಕರಂಜಿಯಲ್ಲಿ ಕಂಡಿಲ್ಲ. ಯಾಕೆ ಏರುತ್ತದೆ ಎಂದು ಅಳಿಯನನ್ನು ಕೇಳಿದೆ. ಯಾವುದೋ ದೇಶದ ಬ್ಯಾಂಕು ಬಡ್ಡಿ ಹೆಚ್ಚು ಮಾಡಿತು, ಇನ್ನೆಲ್ಲೋ ಎಣ್ಣೆ ತುಟ್ಟಿಯಾಯಿತು ಎಂದ. ಅವರು ಯಾರೂ ನಮ್ಮನ್ನು ಕೇಳಿ ಮಾಡಿದವರಲ್ಲ. ಮೂವತ್ತು ವರ್ಷ ಕೈಗೆ ಗ್ರೀಸು ಹಚ್ಚಿಕೊಂಡು ದುಡಿದವನ ರೊಕ್ಕ ಬ್ಯಾಂಕಿನಲ್ಲಿ ಕುಳಿತಲ್ಲೇ ಸಣ್ಣದಾಗುತ್ತದೆ ಎಂದರೆ, ಯಾರೋ ಕದ್ದ ಹಾಗಲ್ಲವೇ? ಕಳ್ಳನಾದರೆ ಬಾಗಿಲು ಮುರಿಯುತ್ತಾನೆ, ಹೋಗಿ ಪೊಲೀಸರಿಗೆ ಹೇಳಬಹುದು.

ನಾವೂ ಸುಮ್ಮನೆ ಕೂರಲಿಲ್ಲ. ದರ ಏರಿದಷ್ಟು ನಾವು ಪ್ರವಾಸವನ್ನು ಕತ್ತರಿಸುತ್ತಾ ಬಂದೆವು. ಮೊದಲು ದೋಣಿಯಲ್ಲಿ ಕುಳಿತು ನೀರಿನ ಓಣಿ ಸುತ್ತುವುದನ್ನು ಬಿಟ್ಟೆವು. ಆಮೇಲೆ ಹಿಮದ ಗುಡ್ಡ ಬಿಟ್ಟೆವು, “ನಮ್ಮ ಪನ್ಹಾಳ ಗುಡ್ಡಕ್ಕ ಹೋದ್ರೂ ಥಂಡಿ ಹತ್ತತೈತಿ” ಎಂದು. ಹದಿನೈದು ದಿನದ ಪ್ರವಾಸ ಹತ್ತು ದಿನದ್ದಾಯಿತು, ಹತ್ತರದ್ದು ಎಂಟಾಯಿತು. ಅಲ್ಲಿ ಒಂದು ಕಪ್ ಚಹಾಕ್ಕೆ ಎಷ್ಟು ಎಂದು ಜ್ಯೋತಿ ಹೇಳಿದ ದಿನ ನಾನು ಚಹಾಪುಡಿ, ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪಟ್ಟಿ ಮಾಡಿದೆ. ಇಟಲಿಯ ರೈಲಿನಲ್ಲಿ ಇವರು ರೊಟ್ಟಿ ಮುರಿಯುವ ಸದ್ದಿಗೆ ಜನ ಎದ್ದು ಓಡುತ್ತಾರೆ ಎಂದು ಜ್ಯೋತಿ ನಕ್ಕಳು. “ಓಡ್ಲಿ. ಸೀಟ್ ಖಾಲಿ ಆಗತಾವ,” ಅಂದರು ಅವಳ ಅಪ್ಪ.

ಇಷ್ಟೂ ವರ್ಷಗಳಲ್ಲಿ ಒಮ್ಮೆ ಇಳಿಯಿತು. ಸುಳ್ಳು ಹೇಳಬಾರದು, ಇಳಿಯಿತು. ಎಂಬತ್ತೆಂಟು ತೊಂಬತ್ತರ ತನಕ ಹೋದದ್ದು ಒಂದು ಮಳೆಗಾಲದಲ್ಲಿ ಎಂಬತ್ತಕ್ಕೆ ಬಂತು. ಅವರು ಅಂಗಿ ಹಾಕಿಕೊಂಡು ನಿಂತರು. ನಾಣ್ಯ ತೆಗೆದು ಊಟದ ಮೇಜಿನ ಮೇಲೆ ಟಕ್ ಟಕ್ ಎಂದು ಬಡಿದರು.

“ಈಗ ಹೋಗೂಣು?”

“ಇಳ್ಯಾಕ ಹತ್ತೇತ್ರಿ. ಇನ್ನೊಂದೀಟು ಇಳೀಲಿ.”

ಇದು ಅವ್ವನ ಮಾತು ಎಂದು ಬಾಯಿಂದ ಹೊರಬಿದ್ದ ಮೇಲೆ ನನಗೂ ಗೊತ್ತಾಯಿತು. ಆ ವರ್ಷದ ಬಿಳಿ ಸಾರು ನೆನಪಾಯಿತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಅವರು ಅಂಗಿ ಕಳಚಿ ಮೊಳೆಗೆ ಹಾಕಿದರು. ನನ್ನನ್ನು ಬೈಯಬಹುದಿತ್ತು. ಬೈದಿದ್ದರೆ ಹೋಗುತ್ತಿದ್ದೆವು.

ಅವರ ಸಮಾಧಾನಕ್ಕೆಂದು ಅದೇ ವಾರ ನೂರು ಯುರೋ ಮಾತ್ರ ಕೊಂಡೆವು, ಐವತ್ತರ ಎರಡು ನೋಟು. ಆ ಅಂಗಡಿಯ ಗೋಡೆಯ ಮೇಲಿನ ಫಲಕದಲ್ಲಿ ಒಂದೇ ಯುರೋಗೆ ಎರಡು ದರ ಇದ್ದವು. ಅವರು ನಮಗೆ ಮಾರುವ ದರ ಬೇರೆ, ನಮ್ಮಿಂದ ಕೊಳ್ಳುವ ದರ ಬೇರೆ. ಎರಡರ ನಡುವೆ ಮೂರು ರೂಪಾಯಿ. ನಮ್ಮವರು ಕೌಂಟರಿನ ಗಾಜಿಗೆ ಮೂಗು ಹಚ್ಚಿ ಕೇಳಿದರು.

“ಅಲ್ಲರಿ ತಾಯಿ, ಈಗ ತಗೊಂಡ ನೋಟ ಈಗ ವಾಪಸ್ ಕೊಟ್ರ ಮೂರ ರೂಪಾಯಿ ಕಡಿಮಿ? ನಾ ಏನ ಅದನ್ನ ಉಟಗೊಂಡ ಹರದೇನೇನ?”

ಕೌಂಟರಿನ ಹುಡುಗಿ ನಕ್ಕಳು, ಮೂರು ರೂಪಾಯಿ ಬಿಡಲಿಲ್ಲ. ಸಂದೇಶ ಕಳಿಸುತ್ತೇವೆ ಎಂದು ಫೋನ್ ನಂಬರು ಬರೆದುಕೊಂಡಳು. ಅಂದಿನಿಂದ ಪ್ರತಿ ಬೆಳಿಗ್ಗೆ ನಮ್ಮ ಮನೆಗೆ ಯುರೋ ಬರತೊಡಗಿತು. ನೂರು ದಾಟಿದ ದಿನ ಅವರು ಕಾಲು ಕಿಲೋ ಜಿಲೇಬಿ ತಂದರು. “ಸೆಂಚುರಿ ಹೊಡದೇತಿ ನಿನ್ನ ಯುರೋ,” ಅಂದರು. ನನ್ನ ಯುರೋ! ನಾನು ಜಿಲೇಬಿ ಮುಟ್ಟಲಿಲ್ಲ. ಅವರೊಬ್ಬರೇ ಎಲ್ಲ ತಿಂದರು.

ಅವರು ಹೋದ ಹದಿಮೂರನೆಯ ದಿನ ಮನೆಯಲ್ಲಿ ಜನವೋ ಜನ. ಅವರ ಫೋನು ಕಪಾಟಿನ ಮೇಲಿತ್ತು. ಯಾಕೋ ದಿನಾ ಚಾರ್ಜು ಮಾಡುತ್ತಿದ್ದೆ. ಬೆಳಿಗ್ಗೆ ಟಣ್ ಎಂದಿತು. ತೆಗೆದು ನೋಡಿದೆ. ಗುಲಾಬಿ ಹೂವಿನ ಚಿತ್ರ, ಕೆಳಗೆ ಮರಾಠಿಯಲ್ಲಿ ಶುಭ ಸುದ್ದಿ. ಯುರೋ ಒಂದೂವರೆ ರೂಪಾಯಿ ಇಳಿದಿದೆ, ಪ್ರವಾಸ ಮಾಡುವವರು ಲಾಭ ಪಡೆಯಿರಿ.

ನನಗೆ ಆ ಕ್ಷಣ ಆದ ಸಿಟ್ಟನ್ನು ಹೇಗೆ ಬರೆಯಲಿ? ಈಗ ಇಳಿಯಿತೇ? ಆ ಹದಿಮೂರು ದಿನ ಮೊದಲು ಇಳಿಯಲು ಏನಾಗಿತ್ತು? ನಾನು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಉತ್ತರ ಬರೆದೆ. “ಈಗ ಯಾಕ?” ಅಷ್ಟೇ. ಎರಡು ನಿಮಿಷಕ್ಕೆ ಮರಳಿ ಬಂತು. “ನಮಸ್ಕಾರ ಸರ್, ಎಷ್ಟು ಯುರೋ ಬುಕ್ ಮಾಡಲಿ?” ಜ್ಯೋತಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು, ಓದಿದಳು. ತಿಥಿಯ ಅಡುಗೆ ಮಾಡುತ್ತಿದ್ದವರ ನಡುವೆ ನಾವಿಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಅಳುತ್ತಿದ್ದೇವೆ ಎಂದುಕೊಂಡು ಯಾರೋ ನೀರು ತಂದುಕೊಟ್ಟರು.

ಮೂರು ತಿಂಗಳ ಮೇಲೆ ಆ ಎರಡು ನೋಟು ಮಾರಿಬಿಡಬೇಕೆಂದು ಜ್ಯೋತಿಯ ಜೊತೆ ಕೊಲ್ಹಾಪುರಕ್ಕೆ ಹೋದೆ. ಅದೇ ಗಾಜು, ಅದೇ ಹುಡುಗಿ. ದರ ಮತ್ತೆ ಏರಿತ್ತು. ನೋಟುಗಳ ಜೊತೆ ನಾಣ್ಯವನ್ನೂ ಗಾಜಿನ ಕೆಳಗೆ ಸರಿಸಿದೆ. ಅವಳು ಅದನ್ನು ತಿರುವಿ ಮುರುವಿ ನೋಡಿದಳು.

“ಕಾಕೂ, ಹೇ ಆತಾ ಚಾಲತ ನಾಹೀ,” ಅಂದಳು. ಇದು ಈಗ ನಡೆಯುವುದಿಲ್ಲ ಎಂದು. ಆಮೇಲೆ ನನ್ನ ಹಣೆ ನೋಡಿ ದನಿ ತಗ್ಗಿಸಿ, ನೆನಪಿಗೆ ಇಟ್ಟುಕೊಳ್ಳಿ ಎಂದಳು.

ಒಳ್ಳೆಯ ಹುಡುಗಿ. ಆದರೆ ಆ ಮಾತಿಗೆ ಮತ್ತೆ ನನ್ನ ತಲೆ ಬಿಸಿಯಾಯಿತು. ಅದು ನೆನಪಿಗೆ ಇಟ್ಟುಕೊಳ್ಳುವ ವಸ್ತುವಲ್ಲ. ಮರಳಿ ಒಯ್ದು ಕೊಡಬೇಕಾದ ವಸ್ತು. ಹಾಗೆಂದು ಅವಳಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ. ಹಿಂದೆ ಸಾಲಿನಲ್ಲಿ ನಿಂತವರು ನೋಡಿದರು. ನೋಟುಗಳನ್ನೂ ನಾಣ್ಯವನ್ನೂ ಹಿಂದಕ್ಕೆ ಎಳೆದುಕೊಂಡೆ.

ಹೊರಗೆ ಬಂದು ರಸ್ತೆಯ ಬದಿಗೆ ನಿಂತೆವು. ಜ್ಯೋತಿ ಕೇಳಿದಳು, “ಅವ್ವಾ, ನಾವಿಬ್ರೂ ಹೋಗಿ ಬರೂಣೇನ?”

“ತಡೀ,” ಅಂದೆ. ಬಾಯಿ ತಾನಾಗಿ ಅಂದಿತು.

ಜ್ಯೋತಿ ಆ ಕಡೆ ತಿರುಗಿದಳು. ಅಪ್ಪನ ಹಾಗೆಯೇ ನೆಲ ನೋಡುತ್ತಾ ನಿಂತಳು. ಅಂಗಿ ಕಳಚಿ ಮೊಳೆಗೆ ಹಾಕುವಾಗ ಅವರ ಬೆನ್ನು ಹೀಗೆಯೇ ಇತ್ತು. ನಾನು ಅವಳ ಕೈ ಹಿಡಿದು ಮತ್ತೆ ಒಳಗೆ ಹೋದೆ. ಸಾಲಿನಲ್ಲಿ ನಿಂತು, ನಮ್ಮ ಪಾಳಿ ಬಂದಾಗ ಇಬ್ಬರ ಪ್ರವಾಸಕ್ಕೆ ಎಷ್ಟು ಬೇಕೋ ಅಷ್ಟು ಯುರೋ ಬುಕ್ ಮಾಡು ಎಂದೆ. ಹುಡುಗಿ ಗೋಡೆಯ ಫಲಕದ ಕಡೆ ಕೈ ಮಾಡಿ ದರ ಹೇಳಹೊರಟಳು.

“ಹೇಳಬ್ಯಾಡ,” ಅಂದೆ. “ಬರದಕೋ.”

ನನ್ನ ಜನ್ಮದಲ್ಲಿ ದರ ಕೇಳದೆ ನಾನು ಕೊಂಡ ಮೊದಲ ವಸ್ತು ಅದು. ಸಿಟ್ಟಿನಿಂದಲೇ ಕೊಂಡೆ. ಯಾರ ಮೇಲೆ ಎಂದು ಕೇಳಬೇಡಿ.

ದೀಪಾವಳಿಯ ನಂತರ ಹೊರಡುತ್ತೇವೆ. ಕಳೆದ ವಾರ ಶಹಾಪುರದ ಶೆಡ್ಡಿಗೆ ಹೋಗಿ ಆರನೆಯ ಮಗ್ಗ ನೋಡಿಬಂದೆ. ಹೊಸ ಜಾಬರ ಬಂದಿದ್ದಾನೆ. ಮಗ್ಗ ಓಡುತ್ತಿತ್ತು. ಬಾಗಿ ನೋಡಿದರೆ ಮೋಟಾರಿನ ಪಾದದ ಕೆಳಗೆ ಎರಡು ರೂಪಾಯಿಯ ಅಂಚು ಕಾಣುತ್ತದೆ. ಕೈಯಿಟ್ಟು ನೋಡಿದೆ, ಅಲ್ಲಾಡುವುದಿಲ್ಲ. ಖಾರದ ಡಬ್ಬಿಯ ಪಕ್ಕದಲ್ಲಿ ನಾಣ್ಯ ಇದೆ, ಪಾಸ್‌ಪೋರ್ಟು ಇದೆ, ಯುರೋ ಬಂದಿದೆ, ಊರಿನ ಹೆಸರನ್ನು ಜ್ಯೋತಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಿದ್ದಾಳೆ. ಅಲ್ಲಿ ಯಾರಾದರೂ ಜಾಬರ ಸಿಕ್ಕರೆ ನಾಣ್ಯವನ್ನು ಅವನ ಕೈಯಲ್ಲಿ ಇಡುತ್ತೇನೆ. ಅದು ಯಾವ ಬೋಲ್ಟಿನ ಕೆಳಗಿತ್ತು, ಯಾಕೆ ಅಲ್ಲಿಟ್ಟಿದ್ದರು, ತೆಗೆದ ಮೇಲೆ ಮೋಟಾರನ್ನು ಹೇಗೆ ಸಮ ಮಾಡಿದ್ದು ಎಂದು ಕೈಯಿಂದ ತೋರಿಸಿ ಹೇಳಬೇಕಾದವರೇ ಇಲ್ಲ.